ಎರಡು ಗುಂಡು, ಒಂದು ರಿಪೋರ್ಟ್

ಈ ವರ್ಷ ಇದೇ ಮಾತು ಹೇಳಿಕೊಂಡು ಬಂದ ಮೂರನೇ ಮನೆ ಇದು: "ಮೇಡಂ, ಅಪ್ಪನಿಗೆ ಗೊತ್ತಾಗಬಾರದು." ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ವಿರಾಜಪೇಟೆ ಕಡೆಯ ಕೊಡವ ಮನೆ, ಕಾಫಿ ತೋಟ. ಯಜಮಾನರಿಗೆ 70 ದಾಟಿದೆ. ಕ್ಯಾನ್ಸರ್ ಲಿವರ್‌ಗೆ ಹರಡಿತ್ತು. ಮೂರ್ನಾಲ್ಕು ತಿಂಗಳು ಅಂತ ಡಾಕ್ಟರು ಮಗನಿಗೆ ಹೇಳಿದ್ದರು. ಅಪ್ಪನಿಗೆ ಹೇಳಿದ್ದು ಗ್ಯಾಸ್ಟ್ರಿಕ್. ರಿಪೋರ್ಟ್ ಗೋದಾಮಿನಲ್ಲಿ, ಕರಿಮೆಣಸಿನ ಚೀಲದ ಹಿಂದೆ. ಆಪ್ತಸಲಹೆಗೆ ನನ್ನ ಹತ್ತಿರ ಕರೆತಂದದ್ದು "ನಿದ್ದೆ ಇಲ್ಲ, ಸಿಟ್ಟು ಜಾಸ್ತಿ" ಅಂತ.

ಮಗನನ್ನು ಹೊರಗೆ ಕೂರಿಸಿ ಅವರನ್ನು ಒಂದೇ ಪ್ರಶ್ನೆ ಕೇಳಿದೆ: "ನಿಮಗೆ ಏನಾಗಿದೆ ಅಂತ ನಿಮಗನ್ನಿಸುತ್ತೆ?"

ಅವರು ಶರ್ಟ್ ಎತ್ತಿ ಬೆಲ್ಟ್ ತೋರಿಸಿದರು. ಮೊಳೆಯಲ್ಲಿ ಹೊಡೆದ ಮೂರು ಹೊಸ ತೂತು. "ಗ್ಯಾಸ್ಟ್ರಿಕ್‌ಗೆ ಯಾರಾದ್ರೂ ಹೀಗೆ ಇಳಿದು ಹೋಗ್ತಾರಾ?" ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ನಮ್ಮಲ್ಲಿ ಯಾರಾದ್ರೂ ಸತ್ತರೆ ಎರಡು ಗುಂಡು ಹಾರಿಸಿ ಊರಿಗೆಲ್ಲ ತಿಳಿಸ್ತಾರೆ. ನನಗೆ ಮಾತ್ರ ಯಾರೂ ಏನೂ ಹೇಳ್ತಿಲ್ಲ. ಮೊನ್ನೆ ತೋಕ್ (ಕೋವಿ) ಒರೆಸಿ ಇಡೋಣ ಅಂತ ಕೇಳಿದ್ರೆ, ಬೀರು ಕೀಲಿ ಕಾಣ್ತಿಲ್ಲ ಅಂದ ಮಗ."

ಕೋವಿಯ ಮಾತು ಬಂತಲ್ಲ, ಸುತ್ತಿ ಬಳಸದೆ ಕೇಳಿದೆ: "ಜೀವ ತೆಗೆದುಕೊಳ್ಳೋ ಯೋಚನೆ ಬಂದಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಹೆದರುವವರಿದ್ದಾರೆ. ಹುಟ್ಟುವುದಿಲ್ಲ. ಮನೆ ಮನೆಯಲ್ಲೂ ಕೋವಿ ಇರುವ ನಮ್ಮ ಜಿಲ್ಲೆಯಲ್ಲಿ ಕೇಳದೆ ಬಿಡುವುದೇ ತಪ್ಪು. ಅವರು ನಕ್ಕರು. "ಅಷ್ಟು ಅವಸರ ಇಲ್ಲ, ರೊಬಸ್ಟಾ ಕೊಯ್ಲು ಮುಗೀಲಿ." ಆದರೂ ಕೋವಿಯನ್ನು ಸ್ವಲ್ಪ ದಿನ ಅವರ ತಮ್ಮನ ಮನೆಯಲ್ಲಿ ಇಡಿಸಿದೆ. ಅವರಿಗೆ ಬೇಜಾರಾಯಿತು, ನಾನು ಬಿಡಲಿಲ್ಲ.

ಮಗ ಮತ್ತು ಸೊಸೆಯ ಭಯ ಬೇರೆ. ಹೇಳಿದ ತಕ್ಷಣ ಎದೆ ಹಿಡಿದುಕೊಂಡು ಬಿದ್ದರೆ? ಇದು ಸಿನಿಮಾ ಕಲಿಸಿದ ಭಯ. ಪರದೆಯ ಮೇಲೆ ರಕ್ತದ ಕೆಮ್ಮು, ಒಂದು ಕೊನೇ ಮಾತು, ಕೈ ಜಾರಿತು, ಮುಗೀತು. ಊಟ ಸೇರದಿರುವುದು, ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತುವುದು, ಉಸಿರು ನಿಂತು ನಿಂತು ಬರುವುದು ಅಲ್ಲಿಲ್ಲ. ನಾನು ಅವರಿಬ್ಬರಿಗೆ ಇದನ್ನೆಲ್ಲ ಮೊದಲೇ ಹೇಳಿದೆ. ಕೊನೆಯ ದಿನಗಳಲ್ಲಿ ದೇಹ ತಾನೇ ಊಟ ಬೇಡ ಅನ್ನುತ್ತದೆ, ಬಲವಂತವಾಗಿ ತುರುಕಬೇಡಿ ಅಂತಲೂ ಹೇಳಿದೆ.

ಮೊಮ್ಮಗಳು "ಅಜ್ಜ ಈಗ ಸಿಟ್ಟಿನ ಹಂತದಲ್ಲಿದ್ದಾರೆ" ಅಂದಳು. ಸಾವು ಎದುರಾದಾಗ ಮನಸ್ಸು ಹಾದುಹೋಗುತ್ತೆ ಅಂತ ಮನೋವೈದ್ಯೆ ಕುಬ್ಲರ್ ರಾಸ್ 1969ರಲ್ಲಿ ಬರೆದ ಐದು ಹಂತಗಳಲ್ಲಿ ಒಂದು. ಅದು ಒಂದಾದ ಮೇಲೊಂದು ಹತ್ತುವ ಮೆಟ್ಟಿಲಲ್ಲ ಪುಟ್ಟಿ, ನಿಮ್ಮಜ್ಜನಿಗೆ ಸಿಟ್ಟು ಬಂದಿರೋದು ನೀವು ಸುಳ್ಳು ಹೇಳಿದ್ದಕ್ಕೆ ಅಂದೆ. ಸ್ವಲ್ಪ ಒರಟಾಯ್ತೇನೋ.

ಸಲಹೆ ಇಷ್ಟೇ. ಎಲ್ಲವನ್ನೂ ಒಮ್ಮೆಗೇ ಸುರಿಯಬೇಡಿ. "ಎಷ್ಟು ತಿಳಿಯಬೇಕು ಅಪ್ಪ?" ಅಂತ ಮೊದಲು ಕೇಳಿ. ಅವರು ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ. ಬೇಕು ಅಂದರೆ ಡಾಕ್ಟರು ಹೇಳಲಿ, ಮಗ ಪಕ್ಕದಲ್ಲಿ ಕೂತಿರಲಿ.

ಅವರು ಎಲ್ಲವನ್ನೂ ಕೇಳಿದರು. ಆಳುಗಳ ಲೆಕ್ಕ ಚುಕ್ತಾ ಮಾಡಿದರು. ವೆಂಟಿಲೇಟರ್ ಬೇಡ ಅಂತ ಬರೆದಿಟ್ಟರು. 2018ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಅವಕಾಶ ಕೊಟ್ಟಿತು, 2023ರಲ್ಲಿ ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು.

ಏಳನೇ ವಾರಕ್ಕೆ ಹೋಗಿಬಿಟ್ಟರು, ಮನೆಯಲ್ಲೇ. ಹೇಳಿದ್ದರಿಂದಲೇ ಬೇಗ ಹೋದರು ಅನ್ನುತ್ತಾರೆ ಸೊಸೆ. ಹಾಗಲ್ಲ ಅಂತ ನಾನು ನಂಬಿದ್ದೇನೆ, ಡಾಕ್ಟರೂ ಅದನ್ನೇ ಹೇಳಿದರು. ಆದರೆ ಸೊಸೆಯ ಮಾತು ಕೆಲವು ರಾತ್ರಿ ನನ್ನ ನಿದ್ದೆ ಕೆಡಿಸಿದೆ.

ಮಗ ಫೋನ್ ಮಾಡಿದ್ದರು. ಅವತ್ತು ಬೆಳಿಗ್ಗೆ ಚಿಕ್ಕಪ್ಪನೇ ಕೋವಿ ತಂದು ಕೊಟ್ಟರಂತೆ. ಸೊಸೆ ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ.