ಗುಂಪಿನ ಒಳಜೋಕು ಅರ್ಥವಾಗದಿದ್ದರೆ ಕೇಳಬೇಕಾ, ಸುಮ್ನೆ ನಗಬೇಕಾ?

ನಿಮ್ಮ ಪ್ರಶ್ನೆ ಇದು: ಹೊಸದಾಗಿ ಸೇರಿದ ಆನ್‌ಲೈನ್ ಗುಂಪಿನಲ್ಲಿ ಯಾರಾದರೂ ನಾಲ್ಕು ದಿನ ಕಾಣಿಸದಿದ್ದರೆ "ಹಲ್ಲಿಗೆ ಹೋಗಿದ್ದಾರೆ" ಅಂತಾರೆ, ಎಲ್ಲರೂ ನಗುತ್ತಾರೆ, ನಿಮಗೆ ತಲೆಬುಡ ಗೊತ್ತಾಗುತ್ತಿಲ್ಲ. ಕೇಳಬೇಕಾ ಬೇಡವಾ?

ಕೇಳಿ. ಆದರೆ ಜೋಕು ನಡೆಯುತ್ತಿರುವಾಗ ಅದರ ಕೆಳಗೇ ಕೇಳಬೇಡಿ.

ಹಲ್ಲಿ ಬಗ್ಗೆ ನನ್ನ ಊಹೆ ಹೇಳ್ತೀನಿ. ಯಾರೋ ಪಾಪ "ಹಳ್ಳಿಗೆ ಹೋಗ್ತಿದ್ದೇನೆ, ನಾಲ್ಕು ದಿನ ಸಿಗಲ್ಲ" ಅಂತ ಬರೆಯಲು ಹೋಗಿರಬೇಕು. ಇಂಗ್ಲಿಷ್ ಕೀಲಿಗಳಲ್ಲಿ ಕನ್ನಡ ಟೈಪ್ ಮಾಡುವಾಗ ಸಾಮಾನ್ಯವಾಗಿ ಸಣ್ಣ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ಶಿಫ್ಟ್ ಒತ್ತೋದು ಮರೆತರೆ ಹಳ್ಳಿ ಹೋಗಿ ಹಲ್ಲಿ.

ಇಷ್ಟು ಧೈರ್ಯವಾಗಿ ಹೇಳಲು ಕಾರಣ ಇದೆ. ನಮ್ಮ ಗುಂಪು ಕೆಟ್ಟಿದ್ದೂ ಇದೇ ಎಲ್‌ನಿಂದ. ನಮ್ಮದು ಚಿತ್ರ ಬಿಡಿಸುವವರ ಗುಂಪು. ಒಂದು ಚಿತ್ರದ ಕೆಳಗೆ ಒಬ್ಬರು ಭಕ್ತಿಯಿಂದ "ನಿಮ್ಮ ಕಳೆ ನೋಡಿ ತುಂಬಾ ಖುಷಿಯಾಯ್ತು" ಅಂತ ಬರೆದರು. ಕಲೆ ಅನ್ನಬೇಕಿತ್ತು. ಇನ್ನೊಬ್ಬರು, "ನೀರು ಹಾಕಬೇಡಿ, ಹಬ್ಬುತ್ತೆ." ಮತ್ತೊಬ್ಬರು, "ಕಲೆ ಅಂದಿದ್ದರೂ ಕಷ್ಟವೇ, ಸೋಪು ಹಾಕಿ ಉಜ್ಜಬೇಕಾಗ್ತಿತ್ತು." ಅಲ್ಲಿಗೆ ಮುಗೀತು. ನಾವೆಲ್ಲ ಕಳೆಗಾರರಾದೆವು. ಪೋಸ್ಟ್ ಅಳಿಸೋದು ಕಳೆ ಕೀಳೋದಾಯ್ತು. ಅಡ್ಮಿನ್‌ಗೆ ಕುಡುಗೋಲು ಅಂತ ಹೆಸರು ಬಿತ್ತು. ಚಿತ್ರ ನಿಜಕ್ಕೂ ಚೆನ್ನಾಗಿದ್ದರೆ "ಕಳೆಕಟ್ಟಿದೆ" ಅನ್ನುತ್ತೇವೆ. ನನಗೆ ಬಹಳ ಇಷ್ಟವಾದದ್ದು ಇದೇ, ಯಾಕೆಂದರೆ ಇದು ಕನ್ನಡದಲ್ಲಿ ಮೊದಲಿಂದಲೂ ಇರುವ ಮಾತು. ಮುಖಕ್ಕೆ ಕಳೆ ಬಂತು ಅಂತೀವಲ್ಲ, ಅದೇ ಕಳೆ. ತಪ್ಪಿ ಬಿದ್ದ ಅಕ್ಷರ ಸುತ್ತಾಡಿ ಸುತ್ತಾಡಿ ಹೊಗಳಿಕೆಗೇ ಬಂದು ಸೇರಿತು.

ನಮ್ಮಲ್ಲಿ ಕಳೆ ಬೆಳೆದರೆ ಜಪಾನಿನವರ ಚಾಟ್‌ನಲ್ಲಿ ಹುಲ್ಲು ಬೆಳೆಯುತ್ತದೆ. ನಗುವಿಗೆ ಅವರು ವರಾಯ್ ಅನ್ನುತ್ತಾರೆ. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಮೊದಲು ಬರುವ ಡಬ್ಲ್ಯೂ ಒಂದನ್ನೇ ಹಾಕುತ್ತಿದ್ದರು. ನಗು ಜಾಸ್ತಿಯಾದರೆ ಸಾಲಾಗಿ ನಾಲ್ಕೈದು. ಆ ಸಾಲು ಹುಲ್ಲಿನ ಹಾಗೆ ಕಾಣುತ್ತೆ ಅಂತ ಯಾರಿಗೋ ಹೊಳೆಯಿತು. ಈಗ ನಗು ಬಂದರೆ ಹುಲ್ಲು ಅನ್ನುವ ಪದವನ್ನೇ, ಅಂದರೆ ಕುಸಾ, ಅಂತ ಬರೆಯುತ್ತಾರೆ. ಥಾಯ್ ಭಾಷೆಯಲ್ಲಿ 5ಕ್ಕೆ ಹಾ ಅನ್ನುವುದರಿಂದ 555 ಅಂದರೆ ಹಾಹಾಹಾ. ಚೀನಿಯರಲ್ಲಿ 5 ಅಂದರೆ ವೂ, ಅವರಿಗೆ 555 ಬಿಕ್ಕಿ ಬಿಕ್ಕಿ ಅಳುವ ಸದ್ದು. ಇಬ್ಬರೂ ಒಂದೇ ಗುಂಪಿನಲ್ಲಿದ್ದರೆ ಗತಿ ಏನು ಅಂತ ಆಗಾಗ ಯೋಚಿಸ್ತೀನಿ.

ಇನ್ನು ಕೇಳುವ ವಿಷಯ. ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಹೊಸಬರೊಬ್ಬರು ಅಳುಕುತ್ತಾ ತಮ್ಮ ಮೊದಲ ಚಿತ್ರ ಹಾಕಿದ್ದರು. ನಾನು ಪ್ರೀತಿಯಿಂದಲೇ "ಹೊಸ ಕಳೆ ಹುಟ್ಟಿದೆ, ಯಾರೂ ಕೀಳಬೇಡಿ" ಅಂತ ಬರೆದೆ. ಹತ್ತು ಜನ ನಕ್ಕರು. ಸಂಜೆ ನೋಡಿದರೆ ಚಿತ್ರವೂ ಇಲ್ಲ, ಅವರೂ ಇಲ್ಲ. ಕ್ಷಮೆ ಕೇಳಿ ಮೆಸೇಜ್ ಕಳಿಸಿದೆ, ಉತ್ತರ ಬರಲಿಲ್ಲ. ಅವರು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ ಅಂತ ಮೊದಲು ಅನಿಸಿತ್ತು. ಆದರೆ ಹೊಸಬರು ಹೇಗೆ ಕೇಳುತ್ತಾರೆ, ಅಲ್ವಾ? ಮೊದಲೇ ಹೇಳಬೇಕಾದವನು ನಾನು.

ಹಾಗಾಗಿ ನೀವು ಹೀಗೆ ಮಾಡಿ. ಗುಂಪಿನ ಸರ್ಚ್‌ನಲ್ಲಿ ಹಲ್ಲಿ ಅಂತ ಹಾಕಿ, ಎಲ್ಲಕ್ಕಿಂತ ಹಳೆಯ ಮೆಸೇಜ್‌ವರೆಗೆ ಹೋಗಿ. ಮೂಲ ಅಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ಸಿಗದಿದ್ದರೆ ಹಳಬರೊಬ್ಬರಿಗೆ ಪ್ರತ್ಯೇಕ ಮೆಸೇಜ್ ಹಾಕಿ. ಇಂಥ ಕಥೆ ಹೇಳಲು ಹಳಬರು ಕಾಯುತ್ತಲೇ ಇರುತ್ತಾರೆ, ನನ್ನನ್ನೇ ನೋಡಿ. ಗೊತ್ತಾದ ಮೇಲೂ ಆ ಪದವನ್ನು ಕೂಡಲೇ ಬಳಸಲು ಹೋಗಬೇಡಿ, ಸ್ವಲ್ಪ ದಿನ ಬರೀ ನೋಡಿ.

ನನ್ನ ಊಹೆ ಸರಿಯಾ ತಪ್ಪಾ ಅಂತ ಇಲ್ಲೇ ಬಂದು ತಿಳಿಸಿ. ಹಲ್ಲಿಗೆ ಹೋಗಿಬಿಡಬೇಡಿ.