ಟೋಪಿ ತೆಗೆದ ಮೇಲೂ ಅದೇ ಎಡ್ ವಿನ್

ಮಾನ್ಯರೇ,

ಅಮೆರಿಕದ ವಾಡ್‌ವಿಲ್ ಎಂಬ ವಿವಿಧ ವಿನೋದಾವಳಿಯ ರಂಗದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಹಾಸ್ಯಗಾರ ಎಡ್ ವಿನ್ ಅವರಿಗೆ ನಟನೆಂಬ ಮನ್ನಣೆ ದೊರೆತದ್ದು ಎಪ್ಪತ್ತರ ಹೊಸ್ತಿಲಲ್ಲಿ, ಅದೂ ಗಂಭೀರ ಪಾತ್ರ ವಹಿಸಿದ ಮೇಲೆ. ಹಾಗಿರುವಾಗ ಅದಕ್ಕೂ ಹಿಂದಿನ ಐದು ದಶಕಗಳ ನಗೆಯಾಟವನ್ನು ಅಭಿನಯವೆಂದು ಕರೆಯುವುದು ಸರಿಯೇ ಎಂದು ಕೇಳಿದ್ದೀರಿ. ಗುಬ್ಬಿ ಕಂಪನಿಯಲ್ಲಿ ಪಳಗಿದ ನರಸಿಂಹರಾಜು ಅವರು 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅನಾಯಾಸವಾಗಿ ಕ್ಯಾಮೆರಾಕ್ಕೆ ಒಗ್ಗಿಕೊಂಡದ್ದನ್ನು ಹೋಲಿಕೆಯಾಗಿ ಮುಂದಿಟ್ಟಿದ್ದೀರಿ.

ಆ ಹೋಲಿಕೆಯಿಂದಲೇ ಆರಂಭಿಸುತ್ತೇನೆ. ನಮ್ಮ ಕಂಪನಿ ನಾಟಕಗಳಲ್ಲಿ ಹಾಸ್ಯನಟನಿಗೆ ಒಂದು ಕಥೆಯಿರುತ್ತಿತ್ತು, ಆ ಕಥೆಯೊಳಗೊಂದು ಪಾತ್ರವಿರುತ್ತಿತ್ತು, ಎದುರಿಗೆ ಮಾತು ಕೊಟ್ಟು ಮಾತು ತೆಗೆದುಕೊಳ್ಳುವ ಸಹನಟರಿರುತ್ತಿದ್ದರು. ವಾಡ್‌ವಿಲ್‌ನಲ್ಲಿ ಇವು ಯಾವುವೂ ಇರಲಿಲ್ಲ. ಒಂದೇ ಪ್ರದರ್ಶನದಲ್ಲಿ ಗಾಯಕರು, ದೊಂಬರಾಟದವರು, ಪಳಗಿಸಿದ ನಾಯಿಗಳು ಒಬ್ಬರಾದ ಮೇಲೊಬ್ಬರು ಬಂದು ಹೋಗುವ ನಡುವೆ ಹಾಸ್ಯಗಾರನಿಗೆ ಸಿಗುತ್ತಿದ್ದದ್ದು ಕೆಲವೇ ನಿಮಿಷ. ಅಷ್ಟರಲ್ಲಿ ಅವನು ತಾನು ಯಾರೆಂಬುದನ್ನು ಪ್ರೇಕ್ಷಕರಿಗೆ ಪರಿಚಯಿಸಿ, ಅವರನ್ನು ಗೆದ್ದು, ಒಳಗೆ ಹೋಗಬೇಕಿತ್ತು. ಅವನ ದೃಷ್ಟಿ ಸದಾ ಪ್ರೇಕ್ಷಕರ ಮೇಲೆ. ಅವನಾಡುವ ಮಾತು ಬಹುಮಟ್ಟಿಗೆ ಅವನದೇ ರಚನೆ. ಎಡ್ ವಿನ್ ಅವರ ಬೆಳವಣಿಗೆಯೂ ಅವರ ತೊಡಕೂ ಎರಡೂ ಇಲ್ಲಿಯೇ ಇವೆ ಎಂಬುದು ನನ್ನ ನಂಬಿಕೆ.

1886ರಲ್ಲಿ ಫಿಲಡೆಲ್ಫಿಯಾದಲ್ಲಿ ಟೋಪಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಹುಟ್ಟಿದ ಐಸಾಯಾ ಎಡ್ವಿನ್ ಲಿಯೊಪೋಲ್ಡ್, ಹದಿಹರೆಯದಲ್ಲೇ ಮನೆ ಬಿಟ್ಟು ರಂಗಕ್ಕೆ ಬಂದು, ಎಡ್ವಿನ್ ಎಂಬ ಹೆಸರನ್ನೇ ಎರಡಾಗಿ ಒಡೆದು ಎಡ್ ವಿನ್ ಆದರು. 1913ರಲ್ಲಿ ನ್ಯೂಯಾರ್ಕಿನ ಪ್ಯಾಲೇಸ್ ರಂಗಮಂದಿರ ತೆರೆದಾಗ ಮೊದಲ ಪ್ರದರ್ಶನದ ಕಲಾವಿದರಲ್ಲಿ ಅವರೂ ಇದ್ದರು; ಮರುವರ್ಷ ಜೀಗ್‌ಫೆಲ್ಡ್ ಫಾಲೀಸ್ ಎಂಬ ಅದ್ದೂರಿ ಹಾಡು-ಕುಣಿತ-ಹಾಸ್ಯದ ಪ್ರದರ್ಶನ ಸೇರಿದರು. 1919ರ ನಟರ ಮುಷ್ಕರದಲ್ಲಿ ಬಹಿರಂಗವಾಗಿ ನಟರ ಪಕ್ಷ ವಹಿಸಿದ್ದರಿಂದ ನಿರ್ಮಾಪಕರು ಅವರನ್ನು ದೂರವಿಟ್ಟರು. ಅವರು ಕೈಕಟ್ಟಿ ಕೂರದೆ ತಾವೇ ಬರೆದು, ತಾವೇ ಸಂಯೋಜಿಸಿ, ಮುಂದಿನ ವರ್ಷಗಳಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಯಲ್ಲಿ ಸ್ವಂತ ಪ್ರದರ್ಶನಗಳನ್ನು ನಡೆಸಿದರು. 1921ರ ‘ದಿ ಪರ್ಫೆಕ್ಟ್ ಫೂಲ್’ ಅವರಿಗೆ ಕಾಯಂ ಬಿರುದನ್ನೇ ತಂದುಕೊಟ್ಟಿತು.

ಅವರು ತಮ್ಮದೇ ಆವಿಷ್ಕಾರವೆಂದು ರಂಗದ ಮೇಲೆ ತಂದು ತೋರಿಸುತ್ತಿದ್ದ ವಿಚಿತ್ರ ಯಂತ್ರಗಳನ್ನು ತಾವು ಬಾಲಿಶವೆಂದಿದ್ದೀರಿ. ಒಂದನ್ನು ಹತ್ತಿರದಿಂದ ನೋಡೋಣ. ಬೆರಳಚ್ಚು ಯಂತ್ರದಲ್ಲಿ ಕಾಗದ ಸುತ್ತುವ ಉರುಳೆಯ ಜಾಗಕ್ಕೆ ಮುಸುಕಿನ ಜೋಳದ ತೆನೆಯನ್ನು ಸಿಕ್ಕಿಸಿದ್ದಾರೆ. ಅವರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಾಲಾಗಿ ಕಾಳು ಕಚ್ಚಿಕೊಂಡು ಹೋಗಿ, ತೆನೆಯನ್ನು ಹಿಂದಕ್ಕೆ ತಳ್ಳಿ, ಮುಂದಿನ ಸಾಲಿಗೆ ಬಾಯಿ ಹಾಕುತ್ತಾರೆ. ಇದರಲ್ಲಿ ನಗು ಬರುವುದು ಯಂತ್ರದಿಂದಲ್ಲ, ಅದರಿಂದ ಲೋಕಕ್ಕೆ ದೊಡ್ಡ ಉಪಕಾರವಾಗಲಿದೆ ಎಂದು ಮನಸಾರೆ ನಂಬಿದ ಆ ಮನುಷ್ಯನ ಮುಗ್ಧತೆಯಿಂದ. ನಂಬಿಕೆಯನ್ನು ಮುಖದ ಮೇಲೆ ಹಾಗೆ ಉಳಿಸಿಕೊಳ್ಳುವುದಕ್ಕೆ ಅಭಿನಯವೆನ್ನದೆ ಬೇರೇನು ಹೇಳೋಣ?

ಚಲನಚಿತ್ರ ಮೊದಲಿಗೆ ಅವರಿಗೆ ಒಲಿಯಲಿಲ್ಲ. 1927ರ ‘ರಬ್ಬರ್ ಹೀಲ್ಸ್’ ಸೋತಿತು. ಅದು ಮೂಕಿಚಿತ್ರ, ಅವರ ಬಂಡವಾಳವೋ ತೊದಲು ಬೆರೆತ, ಕಿಲಕಿಲ ನಗುವ ಆ ದನಿ. ಆ ದನಿಗೆ ತಕ್ಕ ಮಾಧ್ಯಮ ಸಿಕ್ಕಿದ್ದು 1932ರಲ್ಲಿ, ‘ಫೈರ್ ಚೀಫ್’ ರೇಡಿಯೊ ಕಾರ್ಯಕ್ರಮದಲ್ಲಿ. ಕೇಳುಗರಿಗೆ ಕಾಣದಿದ್ದರೂ ಅವರು ವೇಷ, ಬಣ್ಣ ಹಾಕಿಕೊಂಡು, ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡೇ ಮಾತನಾಡುತ್ತಿದ್ದರು. 1949ರಲ್ಲಿ ದೂರದರ್ಶನದಲ್ಲಿ ಸ್ವಂತ ಕಾರ್ಯಕ್ರಮ ಆರಂಭಿಸಿ, ಬಸ್ಟರ್ ಕೀಟನ್ ಅವರಂಥ ಹಳೆಯ ಒಡನಾಡಿಗಳನ್ನು ಅದಕ್ಕೆ ಕರೆತಂದು, ಎಮ್ಮಿ ಪ್ರಶಸ್ತಿಯನ್ನೂ ಪಡೆದರು. ಆದರೆ ಊರೂರು ತಿರುಗುತ್ತ ಒಂದೇ ಆಟವನ್ನು ವರ್ಷಗಟ್ಟಲೆ ಆಡಿ ಪಳಗಿಸಿಕೊಂಡು ಬಂದವರಿಗೆ ಈ ಹೊಸ ಮಾಧ್ಯಮ ವಾರ ವಾರವೂ ಹೊಸ ಸರಕನ್ನು ಕೇಳತೊಡಗಿತು. ಕೆಲವೇ ವರ್ಷಗಳಲ್ಲಿ ಅವಕಾಶಗಳು ಬತ್ತಿದವು.

ಈಗ ತಾವು ಪ್ರಸ್ತಾಪಿಸಿದ ಘಟ್ಟಕ್ಕೆ ಬರುತ್ತೇನೆ. ಮಗ ಕೀನನ್ ವಿನ್ ಆಗಲೇ ಹೆಸರಾಂತ ನಟ. ಗಂಭೀರ ಪಾತ್ರಗಳತ್ತ ತಂದೆಯನ್ನು ಒತ್ತಾಯಿಸಿದವರು ಅವರೇ. ರಾಡ್ ಸರ್ಲಿಂಗ್ ಬರೆದ ‘ರಿಕ್ವಿಯಮ್ ಫಾರ್ ಎ ಹೆವಿವೇಟ್’ ನಾಟಕ 1956ರ ಅಕ್ಟೋಬರ್ 11ರಂದು ದೂರದರ್ಶನದಲ್ಲಿ ನೇರವಾಗಿ ಪ್ರಸಾರವಾಯಿತು. ಸೋತ ಮುಷ್ಟಿಕಾಳಗದ ಪಟುವಾಗಿ ಜ್ಯಾಕ್ ಪ್ಯಾಲೆನ್ಸ್, ಅವನ ಮ್ಯಾನೇಜರ್ ಆಗಿ ಕೀನನ್, ಅವನ ಗಾಯ ಒರೆಸುವ ವೃದ್ಧ ಸಹಾಯಕ ಆರ್ಮಿಯಾಗಿ ಎಡ್ ವಿನ್. ತಾಲೀಮಿನಲ್ಲಿ ಅವರಿಗೆ ಮಾತುಗಳೇ ನೆನಪಿನಲ್ಲಿ ನಿಲ್ಲದಿದ್ದಾಗ, ಅವರಿಗೆ ತಿಳಿಯದಂತೆ ಇನ್ನೊಬ್ಬ ನಟರನ್ನು ಆ ಪಾತ್ರಕ್ಕೆ ಸಿದ್ಧಪಡಿಸಿಟ್ಟಿದ್ದರು. ಇದನ್ನು ಮುದಿತನದ ಮರೆವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಜೀವಮಾನವಿಡೀ ತನ್ನ ಮಾತನ್ನೇ ಆಡುತ್ತ, ಪ್ರತಿ ಮಾತಿಗೂ ಸಭೆಯಿಂದ ಉತ್ತರ ಪಡೆಯುತ್ತ ಬಂದವರು, ನಗುವ ಪ್ರೇಕ್ಷಕರಿಲ್ಲದ ಕಡೆ ಇನ್ನೊಬ್ಬರು ಬರೆದ ಮಾತನ್ನು ಸಹನಟನ ಮುಖ ನೋಡಿ ಆಡಬೇಕಿತ್ತು. ಪ್ರಸಾರದ ರಾತ್ರಿ ಅವರು ಪಾತ್ರವನ್ನು ನಿಭಾಯಿಸಿ ಎಲ್ಲರನ್ನೂ ಬೆರಗುಗೊಳಿಸಿದರು. ನಿರ್ದೇಶಕ ರಾಲ್ಫ್ ನೆಲ್ಸನ್ ಈ ಪ್ರಸಂಗವನ್ನೇ 1960ರಲ್ಲಿ ಇನ್ನೊಂದು ದೂರದರ್ಶನ ನಾಟಕವಾಗಿಸಿದಾಗ ತಂದೆ ಮಗ ಇಬ್ಬರೂ ತಮ್ಮ ಪಾತ್ರಗಳನ್ನು ತಾವೇ ವಹಿಸಿದರು.

ಆರ್ಮಿಯ ಪಾತ್ರದಲ್ಲಿ ಕಾಣುವುದು ಆ ಹಳೆಯ ಮುಗ್ಧತೆಯೇ. ಇದಕ್ಕಿಂತಲೂ ಸ್ಪಷ್ಟವಾದ ಸಾಕ್ಷಿ 1959ರ ‘ಟ್ವಿಲೈಟ್ ಜೋನ್’ ದೂರದರ್ಶನ ಸರಣಿಯ ಎರಡನೆಯ ಕಂತು. ಅದರಲ್ಲಿ ಅವರು ಬೀದಿಬದಿಯ ವ್ಯಾಪಾರಿ. ಒಬ್ಬ ಪುಟ್ಟ ಹುಡುಗಿಯ ಜೀವ ಉಳಿಸಲು ಮೃತ್ಯುವನ್ನೇ ಗಿರಾಕಿಯಾಗಿಸಿಕೊಂಡು, ನಡುರಾತ್ರಿ ದಾಟುವವರೆಗೂ ಟೈ, ದಾರ ಎಂದು ಒಂದೊಂದನ್ನೇ ಬಣ್ಣಿಸುತ್ತ ಹೋಗುತ್ತಾರೆ. ನಿಲ್ಲದ ಮಾತಿನಿಂದ ಎದುರಿಗಿರುವವರನ್ನು ಹಿಡಿದಿಡುವ ಈ ವಿದ್ಯೆ ಶುದ್ಧ ವಾಡ್‌ವಿಲ್. ಅದೇ ವರ್ಷದ ‘ದಿ ಡೈರಿ ಆಫ್ ಆ್ಯನ್ ಫ್ರಾಂಕ್’ ಚಿತ್ರದ ದಂತವೈದ್ಯ ಡಸೆಲ್ ಪಾತ್ರಕ್ಕೆ ಅವರು ಆಸ್ಕರ್ ನಾಮನಿರ್ದೇಶನ ಪಡೆದರು. ಆ ಗೊಣಗಾಟ, ಸಣ್ಣಪುಟ್ಟದ್ದಕ್ಕೂ ಸಿಡಿಮಿಡಿಗೊಳ್ಳುವ ಸ್ವಭಾವ ಎಲ್ಲಿಯೂ ಅತಿಯಾಗದಿರುವುದು ಹಾಸ್ಯಗಾರನ ಕಾಲಪ್ರಜ್ಞೆಯಿಂದಲೇ. ನಗಿಸುವುದನ್ನು ಅವರು ಬಿಟ್ಟರೆಂಬುದೂ ನಿಜವಲ್ಲ. 1964ರ ‘ಮೇರಿ ಪಾಪಿನ್ಸ್’ನಲ್ಲಿ ನಗು ತಡೆಯಲಾರದೆ ಚಾವಣಿಯವರೆಗೆ ತೇಲಿಹೋಗುವ ಅಂಕಲ್ ಆಲ್ಬರ್ಟ್ ಅವರೇ, 1966ರಲ್ಲಿ ತೀರಿಕೊಳ್ಳುವವರೆಗೂ ಅವರು ಇಂಥ ಪಾತ್ರಗಳನ್ನು ಮಾಡುತ್ತಲೇ ಇದ್ದರು.

ಮೊದಲು ಯಾವುದನ್ನು ನೋಡಬೇಕೆಂದೂ ಕೇಳಿದ್ದೀರಿ. 1956ರ ಆ ನೇರ ಪ್ರಸಾರದ ದಾಖಲೆ ಉಳಿದಿದೆ. ಅದರ ಜೊತೆಯಲ್ಲೇ 1949ರ ಕಾರ್ಯಕ್ರಮದ ಒಂದಾದರೂ ಕಂತನ್ನು ನೋಡಿ, ಕಣ್ಣುಗಳನ್ನಷ್ಟೇ ಗಮನಿಸಬೇಕೆಂದು ವಿನಂತಿಸುತ್ತೇನೆ. ಆಮೇಲೂ ತಮ್ಮ ಆಕ್ಷೇಪ ಉಳಿದರೆ ಖಂಡಿತ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ