ಕನ್ನಡ ರ‍್ಯಾಪ್ ಆಲ್ಬಂನಲ್ಲಿ ಪುರಾಣ, ಸೈನ್ಸ್ ಫಿಕ್ಷನ್, ರಾಜಕೀಯ ಸೇರಿಸುವಾಗ ಊರಿನ ಹೆಸರು ಮರೆಮಾಡಬೇಕಾ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮಹಾರಾಷ್ಟ್ರದ ಜತ್ ತಾಲೂಕಿನ ಕನ್ನಡದ ಹಳ್ಳಿ, 2190ನೇ ಇಸವಿ, ಭಗೀರಥ ಅನ್ನುವ ಯಂತ್ರ, ನೀರಿನ ರಾಜಕೀಯ, ಹತ್ತು ಹಾಡು. ಯಾರಿಗೂ ಬೇಜಾರಾಗಬಾರದು, ಹೊರಗಿನವರಿಗೂ ಅರ್ಥ ಆಗಬೇಕು, ಅದಕ್ಕೆ ಊರಿಗೂ ಜನಕ್ಕೂ ಕಲ್ಪನೆಯ ಹೆಸರು ಇಡಲಾ ಅಂತ ಕೇಳಿದ್ದೀರಿ. ಜೊತೆಗೆ ಹಾಡಿನ ನಾಲ್ಕು ಸಾಲೂ ಕಳಿಸಿದ್ದೀರಿ. ನಾನು ಅದನ್ನೇ ಮಾಡಿದ್ದೆ. ಕಾಸರಗೋಡಿನ ಪೆರ್ಲದ ಹತ್ತಿರ, ನಮ್ಮ ಮನೆಯ ಅಟ್ಟದಲ್ಲಿ ಕೂತು.

ನನ್ನ ಕಥೆ ನಡೆಯುವುದು 2156ರಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅದಕ್ಕೆ ಸರಿಯಾಗಿ 200 ವರ್ಷ ಕೂಡಿಸಿದೆ. ಆಗ ಗಡಿಯಲ್ಲಿ ಮನುಷ್ಯರಿಲ್ಲ, ಒಂದು ಯಂತ್ರ ಇದೆ. ಅದರ ಹೆಸರು ಮಯ. ಖಾಂಡವವನ ಸುಟ್ಟಾಗ ಬದುಕಿ ಉಳಿದು, ಆಮೇಲೆ ಪಾಂಡವರಿಗೆ ಸಭೆ ಕಟ್ಟಿಕೊಟ್ಟನಲ್ಲ, ಅದೇ ಮಯ. ನೆಲವನ್ನು ನೀರು ಅನ್ನಿಸುವ, ನೀರನ್ನು ನೆಲ ಅನ್ನಿಸುವ ಸಭೆ. ಯಂತ್ರ ಬಂದವರನ್ನು ನಿಲ್ಲಿಸಿ ನಿನ್ನ ಭಾಷೆ ಯಾವುದು ಅಂತ ಕೇಳುತ್ತದೆ. ಪಟ್ಟಿಯಲ್ಲಿ ಕನ್ನಡ ಇರುವುದಿಲ್ಲ. ಅಲ್ಲಿಂದ ಹನ್ನೊಂದು ಹಾಡು.

ಏಳನೆಯದು ಖಾಂಡವ ದಹನ. ಆಲ್ಬಂ ಹುಟ್ಟಿದ್ದೇ ಆ ಹಾಡಿನಿಂದ. ನಮ್ಮ ಎಣ್ಮಕಜೆ ಪಂಚಾಯತಿನ ಗುಡ್ಡಗಳ ಮೇಲೆ ಗೇರು ತೋಟ ಇದೆ. 1970ರ ದಶಕದ ಕೊನೆಯಿಂದ 2000ದ ತನಕ ಅಲ್ಲಿ ಟೀ ಸೊಳ್ಳೆ ಅನ್ನುವ ಕೀಟ ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿಯುತ್ತಿದ್ದರು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ, ತೋಡು ಅಂದರೆ ಸಣ್ಣ ಹೊಳೆ. ಮೇಲಿಂದ ಬಿದ್ದದ್ದೆಲ್ಲ ಕೆಳಗೆ ಇಳಿಯುತ್ತದೆ. ಆಮೇಲೆ ಮಕ್ಕಳ ಅಂಗವೈಕಲ್ಯ, ಕಾಯಿಲೆ ಅಂತ ಏನೇನಾಯಿತು ಅನ್ನುವುದು ದೇಶಕ್ಕೇ ಗೊತ್ತು.

ಖಾಂಡವದಲ್ಲಿ ಜರಿತೆ ಅಂತ ಒಂದು ಹಕ್ಕಿ ಬರುತ್ತದೆ. ಗಂಡ ಬಿಟ್ಟು ಹೋಗಿದ್ದಾನೆ. ರೆಕ್ಕೆ ಬಲಿಯದ ನಾಲ್ಕು ಮರಿ. ಬೆಂಕಿ ಬರುತ್ತಿದೆ. ಇಲಿಯ ಬಿಲಕ್ಕೆ ಹೋಗಿ, ಮೇಲೆ ಮಣ್ಣು ಮುಚ್ಚುತ್ತೇನೆ ಅನ್ನುತ್ತಾಳೆ ತಾಯಿ. ಇಲಿ ತಿಂದು ಸಾಯುವುದಕ್ಕಿಂತ ಬೆಂಕಿಯೇ ಆಗಬಹುದು, ನೀನು ಹಾರಿ ಹೋಗು ಅನ್ನುತ್ತವೆ ಮರಿಗಳು. ಮಹಾಭಾರತದಲ್ಲಿ ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಸಂಕಟ ಬೇರೆ ಎಲ್ಲೂ ನನಗೆ ಕಂಡಿಲ್ಲ. ಅದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಮನೆಯ ಆಚೆ ಗುಡ್ಡದ ಒಬ್ಬರು ದೊಡ್ಡಮ್ಮ. ಅವರ ಮಗನಿಗೆ ಆಗ ಮೂವತ್ತು ದಾಟಿತ್ತು. ನಡೆಯಲು ಬರುವುದಿಲ್ಲ, ಮಾತಿಲ್ಲ. ಅವರು ಅವನನ್ನು ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಮಲಗಿದವರಲ್ಲ.

2018ರ ಮಳೆಗಾಲದಲ್ಲಿ ಮೈಕ್ ತೆಗೆದುಕೊಂಡು ಅವರ ಜಗಲಿಯಲ್ಲಿ ಕೂತೆ. ನಲವತ್ತು ನಿಮಿಷ ಮಾತಾಡಿದರು. ನನ್ನ ಹೆಸರು ಹಾಕು, ಊರಿನ ಹೆಸರೂ ಹಾಕು ಅಂದರು. ಒಂದು ಮಾತು ಹೀಗಿತ್ತು (ಮಡಲು ಅಂದರೆ ತೆಂಗಿನ ಗರಿ): "ಹೆಲಿಕಾಪ್ಟರ್ ಬರ್ತದೆ, ಬಾವಿಗೆ ಮಡಲು ಮುಚ್ಚಿ ಅಂತ ಹೇಳಿದ್ರು. ನಮಗೆ ಬಾವಿ ಎಲ್ಲಿ ಉಂಟು? ನಾವು ಕುಡಿಯುವುದು ತೋಡಿನ ನೀರು. ತೋಡಿಗೆ ಎಂತದು ಮುಚ್ಚುವುದು ಮಗಾ?"

ಈಗ ನಾನು ಮಾಡಿದ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಅದರ ಹೊಸ್ತಿಲಲ್ಲೇ ನಿಂತಿದ್ದೀರಿ.

ಹೆದರಿಕೆ ಇತ್ತು. ಕೇಸು ಗೀಸು ಆದರೆ ಅಂತ. ಅದರ ಜೊತೆ ಒಂದು ಆಸೆಯೂ ಇತ್ತು, ಬೆಂಗಳೂರಿನವರು, ಹೊರದೇಶದವರು ಕೇಳಬೇಕು ಅಂತ. ತೋಡು ಅಂದರೆ ಬೆಂಗಳೂರಿನಲ್ಲಿ ಯಾರಿಗೆ ಗೊತ್ತು? ಹಾಗಾಗಿ ಆ ಸಾಲು ತೆಗೆದೆ. ಗೇರು ಹೋಗಿ 'ಬೆಳೆ' ಆಯಿತು. ಹೆಲಿಕಾಪ್ಟರ್ ಹೋಗಿ 'ಲೋಹದ ಗರುಡ' ಆಯಿತು. ಪಡ್ರೆ ಗ್ರಾಮದಲ್ಲಿ ಸ್ವರ್ಗ ಅಂತ ಒಂದು ಊರಿದೆ. ನಿಜವಾದ ಊರು. ಬಸ್ಸಿನ ಬೋರ್ಡಿನಲ್ಲೂ ಸ್ವರ್ಗ ಅಂತಲೇ ಇರುತ್ತದೆ. ವಿಷದ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬಂದ ಹೆಸರುಗಳಲ್ಲಿ ಅದೂ ಒಂದು. ಸ್ವರ್ಗದ ಮೇಲೆ ವಿಷದ ಮಳೆ. ಯಾವ ಕವಿಗೂ ಕೂತು ಕಲ್ಪಿಸಲು ಆಗದ ಮಾತು ನನ್ನ ಪಂಚಾಯತಿನಲ್ಲೇ ಬಿದ್ದಿತ್ತು. ನಾನು ಅದನ್ನು ಹೊಡೆದು ಹಾಕಿ 'ಸೆಕ್ಟರ್ 9' ಅಂತ ಬರೆದೆ.

ಆಮೇಲೆ ದೊಡ್ಡಮ್ಮನ ಧ್ವನಿ. ಅದನ್ನು ಮಯ ಯಂತ್ರದ ಆಕಾಶವಾಣಿ ಮಾಡುವ ಯೋಚನೆ ಬಂತು. ಪಿಚ್ ಐದು ಮೆಟ್ಟಿಲು ಇಳಿಸಿದೆ. ಅದರ ಮೇಲೆ ರಿಂಗ್ ಮಾಡ್ಯುಲೇಟರ್ ಹಾಕಿದೆ. ಅದು ಮಾಡುವ ಕೆಲಸ ಇಷ್ಟು: ನಿಮ್ಮ ಧ್ವನಿಯನ್ನು ಒಂದು ಸ್ಥಿರವಾದ ಸ್ವರದಿಂದ ಗುಣಿಸುತ್ತದೆ. ಧ್ವನಿಯ ಪ್ರತಿ ಕಂಪನವೂ ಎರಡಾಗಿ ಒಡೆಯುತ್ತದೆ, ಒಂದು ಕೂಡಿದ್ದು, ಒಂದು ಕಳೆದದ್ದು. ಕೇಳಲು ಗಂಟೆಯೊಳಗಿಂದ ಮಾತಾಡಿದ ಹಾಗಿರುತ್ತದೆ. ಮನುಷ್ಯರ ಗಂಟಲಿನ ಗುರುತು ಹೋಗಿಬಿಡುತ್ತದೆ. ಮೇಲಿಂದ ಗುಹೆಯ ಪ್ರತಿಧ್ವನಿ ಕೊಟ್ಟೆ. ಬಹಳ ಚೆನ್ನಾಗಿದೆ ಅಂತ ಬೀಟ್ ಮಾಡಿದ ಉಪ್ಪಳದ ಗೆಳೆಯನೂ ಹೇಳಿದ. ಲ್ಯಾಪ್‌ಟಾಪಿನಲ್ಲಿ ಜಾಗ ಇರಲಿಲ್ಲ. ಆ ಪರಿಣಾಮ ಸೇರಿದ ಫೈಲನ್ನು ಉಳಿಸಿಕೊಂಡು ಮೂಲ ರೆಕಾರ್ಡಿಂಗನ್ನು ಅಳಿಸಿಬಿಟ್ಟೆ. ನಲವತ್ತು ನಿಮಿಷವೂ ಹೋಯಿತು. ದೊಡ್ಡಮ್ಮನನ್ನು ಒಂದು ಮಾತು ಕೇಳಲಿಲ್ಲ. ಹೆಸರು ಹಾಕು ಅಂದವರ ಹೆಸರು ತೆಗೆದೆ, ಧ್ವನಿಯನ್ನೂ ತೆಗೆದೆ.

ಬಿಡುಗಡೆ ನಮ್ಮ ವಾಚನಾಲಯದ ಹಾಲ್‌ನಲ್ಲಿ. ಎಪ್ಪತ್ತು ಜನ ಇದ್ದರು. ಮಗನನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ ದೊಡ್ಡಮ್ಮನೂ ಬಂದಿದ್ದರು, ಮೊದಲ ಸಾಲಿನಲ್ಲಿ. ಹನ್ನೊಂದು ಹಾಡೂ ಮುಗಿಯಿತು. ಚಪ್ಪಾಳೆ ಬಿತ್ತು. ಚಹಾ ಕುಡಿಯುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನನ್ನ ಮಾತು ಹಾಕಿದ್ದೇನೆ ಅಂತ ಹೇಳಿದ್ದಿ ಅಲ್ವಾ? ಅದು ಯಾವಾಗ ಬರ್ತದೆ?"

ಅದು ಬಂದು ಹೋಗಿ ಮುಕ್ಕಾಲು ಗಂಟೆ ಆಗಿತ್ತು.

ಒಂದು ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ಫೈಲನ್ನು ಬಿಡಿಸಲು ನೋಡಿದೆ, ಗೊತ್ತಿದ್ದವರ ಹತ್ತಿರ ಕೊಟ್ಟು ನೋಡಿದೆ. ಆಗಲಿಲ್ಲ. ಮತ್ತೆ ಮೈಕ್ ತೆಗೆದುಕೊಂಡು ಹೋದೆ. "ಒಮ್ಮೆ ಹೇಳಿದ್ದೇ ಕಷ್ಟದಲ್ಲಿ. ಇನ್ನೊಮ್ಮೆ ನನ್ನಿಂದ ಆಗ್ಲಿಕ್ಕಿಲ್ಲ ಮಗಾ" ಅಂದರು. ಸಿಟ್ಟಿರಲಿಲ್ಲ. ಮಜ್ಜಿಗೆ ಕೊಟ್ಟು ಕಳಿಸಿದರು.

ಹಾಗಾಗಿ ನೀವು ಕೇಳಿದ ರೀತಿಯನ್ನೇ ನಾನು ಒಪ್ಪುವುದಿಲ್ಲ. ಪುರಾಣ, ಸೈನ್ಸ್ ಫಿಕ್ಷನ್ ಎರಡೂ ರಾಜಕೀಯವನ್ನು ಹೊದೆಸುವ ಕಂಬಳಿ ಅಂತ ತಿಳಿದುಕೊಂಡಿದ್ದೀರಿ. ಅವು ದೀಪ. ಹತ್ತಿರ ಹಿಡಿಯಬೇಕು. ನಾನು ಈ ದಾರಿಗೆ ಬಂದದ್ದು 2000ದಲ್ಲಿ ಬಂದ 'ಡೆಲ್ಟ್ರಾನ್ 3030' ಅನ್ನುವ ಅಮೆರಿಕದ ರ‍್ಯಾಪ್ ಆಲ್ಬಂ ಕೇಳಿ. ಅದರ ರ‍್ಯಾಪರ್ ಡೆಲ್ 3030ನೇ ಇಸವಿಯಲ್ಲಿ ನಿಂತು ದೊಡ್ಡ ಕಂಪನಿಗಳ ಆಳ್ವಿಕೆಯ ವಿರುದ್ಧ ರ‍್ಯಾಪ್ ಮಾಡುತ್ತಾನೆ. ದೂರದ ಇಸವಿಯೇ ಅದರ ಗುಟ್ಟು ಅಂತ ನಾನು ತಪ್ಪು ತಿಳಿದೆ. ಅವನು ಬಯ್ಯುತ್ತಿದ್ದದ್ದು ತನ್ನ ಕಾಲವನ್ನೇ. 2016ರಲ್ಲಿ ಅಮೆರಿಕದ ಕ್ಲಿಪಿಂಗ್ ರ‍್ಯಾಪ್ ತಂಡ ಮಾಡಿದ 'ಸ್ಪ್ಲೆಂಡರ್ ಆ್ಯಂಡ್ ಮಿಸರಿ' ಕೇಳಿ. ಅಂತರಿಕ್ಷದ ಹಡಗು, ಗುಲಾಮರ ದಂಗೆಯಲ್ಲಿ ಉಳಿದ ಒಬ್ಬನೇ ಒಬ್ಬ. ಹಡಗು ನಕ್ಷತ್ರಗಳ ನಡುವೆ ಇದೆ, ನೋವು ಮಾತ್ರ ಗುಲಾಮರನ್ನು ಅಟ್ಲಾಂಟಿಕ್ ದಾಟಿಸಿದ ಹಡಗುಗಳದ್ದು. ಸೈನ್ಸ್ ಫಿಕ್ಷನ್ ಕೃತಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ ಕೊನೆಯ ಸುತ್ತಿಗೆ ಆ ಆಲ್ಬಂ ಹೋಯಿತು. ಯಾರ ನೋವು ಅಂತ ಕೇಳುವವರಿಗೆ ಕ್ಷಣಕ್ಕೂ ಅನುಮಾನ ಬರುವುದಿಲ್ಲ.

ಜನಕ್ಕೆ ಅರ್ಥ ಆಗುತ್ತಾ ಅನ್ನುವ ಚಿಂತೆ ಬಿಡಿ. ನಮ್ಮಲ್ಲಿ ತಾಳಮದ್ದಳೆ ಇದೆ. ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕೂತಲ್ಲೇ ಕರ್ಣ, ಕೃಷ್ಣ ಆಗಿ ಮಾತಿಗೆ ಮಾತು ಕೊಟ್ಟು ವಾದ ಮಾಡುತ್ತಾರೆ. ಬರೆದುಕೊಂಡ ಮಾತಲ್ಲ, ಅಲ್ಲಿಯೇ ಹುಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನನ್ನೋ ವಾಲಿಯನ್ನೋ ಕೇಳಿ ಬೆಳೆದ ಊರಿಗೆ, ಪುರಾಣದ ಬಾಯಲ್ಲಿ ಇವತ್ತಿನ ವಿಷಯ ಬಂದರೆ ಹಿಡಿಯಲು ಒಂದು ಕ್ಷಣ ಸಾಕು. ನಿಮ್ಮ ಕಡೆಯೂ ಬಯಲಾಟ, ಗೀಗೀ ಪದ ಕೇಳಿದವರು ಇದ್ದೇ ಇರುತ್ತಾರೆ. ಹಾಡಿನ ಮೊದಲು ವಿವರಣೆ ಓದಿಸುವ ಯೋಚನೆ ಇದ್ದರೆ ಬೇಡ. ನಾನು ಎರಡು ಹಾಡಿಗೆ ಹಾಕಿದ್ದೆ, ಎಲ್ಲರೂ ಅದನ್ನು ದಾಟಿಸಿ ಮುಂದೆ ಹೋಗುತ್ತಿದ್ದರು.

ಕೇಸಿನ ಹೆದರಿಕೆಗೆ ನನ್ನ ಉತ್ತರ ಇಸವಿ ಮತ್ತು ದಾಖಲೆ. ಯಾರನ್ನೂ ಬಯ್ಯಬೇಕಾಗಿಲ್ಲ. 2011ರ ಮೇ 13ಕ್ಕೆ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಮೂರು ತಿಂಗಳಲ್ಲಿ ಕೊಡಿ ಅಂದಿತು. ಈ ಎರಡು ದಿನಗಳ ನಡುವೆ ಎಷ್ಟು ವರ್ಷ ಅಂತ ಎಣಿಸಿದರೆ ಅದೇ ಹುಕ್, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸಾಲು. ನನ್ನ ಮೂರನೇ ಹಾಡು ನಮ್ಮ ಕಾಸರಗೋಡಿನ ಎಡನೀರು ಮಠದ್ದು. ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ 13 ನ್ಯಾಯಾಧೀಶರು ಕೂತು, 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ ಆಗಿ, ಸಂವಿಧಾನದ ಮೂಲ ರಚನೆಯನ್ನು ಪಾರ್ಲಿಮೆಂಟ್ ಕೂಡ ಮುರಿಯುವ ಹಾಗಿಲ್ಲ ಅಂದರು. 1973ರ ಏಪ್ರಿಲ್ 24. ಅದೇ ವರ್ಷ ಆಗಸ್ಟ್ 11ಕ್ಕೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಪಾರ್ಟಿಯಲ್ಲಿ ಹಾಡು ನುಡಿಸಿದ. ಹಿಪ್‌ಹಾಪ್ ಹುಟ್ಟಿದ ದಿನ ಅಂತ ಅದನ್ನೇ ಹೇಳುತ್ತಾರೆ. ನಮ್ಮೂರಿನ ಮಠದ ತೀರ್ಪಿಗೂ ಹಿಪ್‌ಹಾಪಿಗೂ ಒಂದೇ ವಯಸ್ಸು! ಇದು ಗೊತ್ತಾದ ದಿನ ನಾನು ಅಂಗಳದಲ್ಲಿ ಕುಣಿದಿದ್ದೆ. ಮೊದಲ ಸಲ ಆ ಹಾಡಿನಲ್ಲೂ ಎಡನೀರು ಅನ್ನುವ ಹೆಸರು ಇರಲಿಲ್ಲ.

ಛಂದಸ್ಸಿನ ಬಗ್ಗೆ ಒಂದು ಮಾತು, ನಿಮ್ಮ ನಾಲ್ಕು ಸಾಲು ನೋಡಿ ಅನ್ನಿಸಿದ್ದು. ಪ್ರಾಸಕ್ಕಾಗಿ ಕೊನೆಯ ಪದವನ್ನು ಎಳೆದು ತಂದಿದ್ದೀರಿ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಎರಡನೇ ಅಕ್ಷರದ ಪ್ರಾಸ ಬಿಟ್ಟು ಪದ್ಯ ಬರೆದರು. ಮಾತು ಹಿಂಸೆಪಡಬಾರದು ಅಂತ. ಮೊದಲು ಮಾತ್ರೆ ಎಣಿಸಿ. ಮಂದಾನಿಲ ರಗಳೆಯ ಸಾಲಿಗೆ ನಾಲ್ಕು ನಾಲ್ಕರ ನಾಲ್ಕು ಗಣ, ಒಟ್ಟು 16 ಮಾತ್ರೆ. ರ‍್ಯಾಪಿನ ಒಂದು ಬಾರ್‌ಗೂ (ನಾಲ್ಕು ಬೀಟಿನ ಒಂದು ಸುತ್ತು) 16 ಸಣ್ಣ ಮನೆ. ನಿಮಿಷಕ್ಕೆ 90 ಬೀಟಿನಲ್ಲಿ ಸಾಲು ಹಾಗೇ ಕೂರುತ್ತದೆ. ದೀರ್ಘ ಅಕ್ಷರಕ್ಕೂ, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ ಎರಡು ಮನೆ ಕೊಡಿ, ಅವನ್ನು ಅವಸರದಲ್ಲಿ ನುಂಗಬೇಡಿ.

ಇದನ್ನು ನಾನು ಕಲಿತದ್ದು ತಡವಾಗಿ. ರೆಕಾರ್ಡಿಂಗ್ ಹೋದ ಮೇಲೆ, ನೆನಪಿದ್ದಷ್ಟನ್ನು ಪುಸ್ತಕದಲ್ಲಿ ಬರೆಯುತ್ತಾ ಕೂತಿದ್ದೆ. ತೋಡಿಗೆ, ನಾಲ್ಕು. ಎಂತದು, ನಾಲ್ಕು. ಮುಚ್ಚುವು, ನಾಲ್ಕು. ದು ಮಗಾ, ನಾಲ್ಕು. ಸರಿಯಾಗಿ ಹದಿನಾರು. ದೊಡ್ಡಮ್ಮ ಜಗಲಿಯಲ್ಲಿ ಕೂತು ಆಡಿದ ಮಾತು ಒಂದು ಪೂರ್ತಿ ಬಾರ್ ಆಗಿತ್ತು. ಹೊರಗಿನವರಿಗೆ ತಿಳಿಯುವುದಿಲ್ಲ ಅಂತ ನಾನು ತೆಗೆದದ್ದು ಅದನ್ನೇ.

ಅವರ ಒಪ್ಪಿಗೆ ಕೇಳಿ ಏಳನೇ ಹಾಡನ್ನು ಹೊಸದಾಗಿ ಬರೆದೆ. ಈಗ ಅದರಲ್ಲಿ ಸ್ವರ್ಗ ಇದೆ, ಗೇರು ಇದೆ, ತೋಡು ಇದೆ. ಅವರ ಸಾಲನ್ನು ನನ್ನ ಧ್ವನಿಯಲ್ಲಿ, ಬೀಟ್ ಪೂರ್ತಿ ನಿಲ್ಲಿಸಿ ಹೇಳುತ್ತೇನೆ. ಆಮೇಲೆ ಚೆಂಡೆ ಬರುತ್ತದೆ. ಬೆಂಗಳೂರಿನಲ್ಲಿ ಒಂದು ಸಣ್ಣ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಮೂರು ಜನ ಬಂದು, ಸ್ವರ್ಗ ಅಂತ ನಿಜವಾಗಿ ಊರು ಉಂಟಾ, ತೋಡು ಅಂದರೆ ಏನು ಅಂತ ಕೇಳಿದರು. ಅರ್ಧ ಗಂಟೆ ಅಲ್ಲೇ ನಿಂತು ಮಾತಾಡಿದೆವು. ಸೆಕ್ಟರ್ 9 ಎಲ್ಲಿದೆ ಅಂತ ಇವತ್ತಿನ ತನಕ ಯಾರೂ ಕೇಳಿಲ್ಲ.

ಒಬ್ಬ ವ್ಯಕ್ತಿ ತನ್ನ ಹೆಸರು ಬೇಡ ಅಂದರೆ ಖಂಡಿತ ತೆಗೆಯಿರಿ. ಅದು ಅವರ ಹಕ್ಕು. ಆದರೆ ಅವರನ್ನು ಕೇಳಿ, ನೀವೇ ತೀರ್ಮಾನ ಮಾಡಬೇಡಿ. ಮೂಲ ರೆಕಾರ್ಡಿಂಗ್ ಎರಡು ಕಡೆ ಇಡಿ, ಅದರ ಮೇಲೆ ಬೇರೆ ಏನನ್ನೂ ಸೇವ್ ಮಾಡಬೇಡಿ. ಮರಾಠಿ ಬೆರೆಸಲಾ ಅಂತ ಕೇಳಿದ್ದೀರಿ. ನಿಮ್ಮ ಮನೆಯಲ್ಲಿ ಬೆರೆಸಿ ಮಾತಾಡುತ್ತೀರಾದರೆ ಬೆರೆಸಿ, ಇದಕ್ಕೆ ಜಾಸ್ತಿ ಯೋಚನೆ ಬೇಡ.

ನಿಮ್ಮ ಎರಡನೇ ಸಾಲಿನಲ್ಲಿ 'ಝೋನ್ 4ರಲ್ಲಿ ಕೊಡ ಹೊತ್ತ ಅಜ್ಜಿ' ಅಂತ ಇದೆ. ಅದು ಯಾವ ಊರು? ಅಜ್ಜಿ ನೀರಿಗೆ ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ, ಅವರು ಆ ದಾರಿಯನ್ನು ಏನಂತ ಕರೆಯುತ್ತಾರೆ? ಅದನ್ನು ಹಾಕಿ ನಾಲ್ಕು ಸಾಲನ್ನು ಮತ್ತೆ ಬರೆದು ಇಲ್ಲೇ ಕೆಳಗೆ ಕಳಿಸಿ. ಮಾತ್ರೆ ನಾನು ಎಣಿಸಿ ಹೇಳುತ್ತೇನೆ.